ಬಾಯಿಬಿಟ್ಟು ಓದಿದ್ದಕ್ಕೆ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಚೂಟಿಗೆ,

ಅಕ್ಕನ ಅಕ್ಕರೆಯ ನೆನಪುಗಳು. ನಮ್ಮ ವಿಶ್ವವಿದ್ಯಾಲಯದಲ್ಲೇ ಪ್ರವೇಶ ಸಿಕ್ಕಿತೆಂದು ನೀನು ಬರೆದ ಕಾಗದವನ್ನು ಬಸ್ಸಿನಲ್ಲೇ ಓದಿದೆ. ಖುಷಿ ತಡೆಯಲಾರದೆ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೂ ಹೇಳಿಬಿಟ್ಟೆ. ಆಕೆ ನನ್ನ ಮುಖ ನೋಡಿ, ಕೈಚೀಲವನ್ನು ಇನ್ನೊಂದು ಮಗ್ಗುಲಿಗೆ ಸರಿಸಿಕೊಂಡಳು. ಇರಲಿ ಬಿಡು.

ಇದನ್ನೆಲ್ಲ ಫೋನಿನಲ್ಲಿ ಹೇಳುವಂತಿಲ್ಲ, ನೀನು ಫೋನ್ ಎತ್ತಿದರೆ ಅಮ್ಮನ ಕಿವಿಯೂ ಜೊತೆಗೇ ಇರುತ್ತದೆ. ಅದಕ್ಕೇ ನಿನ್ನ ಗೆಳತಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ದ್ವೇಷದ ಮಾತಿನ ವಿರುದ್ಧ ಕಟ್ಟುನಿಟ್ಟಿನ ನಿಯಮ ಬಂದಿದೆಯಂತೆ, ವಿಶ್ವವಿದ್ಯಾಲಯದವರು ಪುಸ್ತಿಕೆಯಲ್ಲೇ ಅಚ್ಚು ಹಾಕಿಸಿದ್ದಾರೆ, ಇನ್ನೇನು ಭಯ ಎಂದು ಕೇಳಿದ್ದೀಯ. ಆ ನಿಯಮ ಹುಟ್ಟಿದ್ದೇ ನನ್ನಿಂದ, ಚೂಟಿ. ಹೇಗೆಂದು ಕೇಳು.

ನನ್ನ ಕೋಣೆ ಮಣ್ಣು ಪರೀಕ್ಷೆಯ ಪ್ರಯೋಗಾಲಯದ ಎದುರಿಗಿದೆ. ಪಿಎಚ್‌ಡಿ ಕೆಲಸದ ಜೊತೆಗೆ ಮೊದಲ ವರ್ಷದವರಿಗೆ ನಾನು ಅಲ್ಲೇ ಪಾಠ ಮಾಡುವುದು. ಚಳಿಗಾಲದ ಒಂದು ಬೆಳಿಗ್ಗೆ, ಕಂಕುಳಲ್ಲಿ ಹುಡುಗರ ರೆಕಾರ್ಡ್ ಪುಸ್ತಕಗಳು, ಕೈಯಲ್ಲಿ ಕಾಫಿ ಹಿಡಿದು ಬಂದರೆ, ಬಾಗಿಲ ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಗೆ ಬರೆದಿತ್ತು. ನಮ್ಮ ಬಣ್ಣಕ್ಕೆ, ನಮ್ಮ ಜನಕ್ಕೆ ಅಂಟಿಸುವ ಆ ಪದ, ಅದರ ಕೆಳಗೆ ಎಲ್ಲಿಂದ ಬಂದೆಯೋ ಅಲ್ಲಿಗೇ ಹೋಗು ಅಂತ. ಆ ಪದವನ್ನು ನಿನಗೆ ಬರೆಯಲು ಕೈ ಬರುತ್ತಿಲ್ಲ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಎದುರು ನಿಂತಿದ್ದ ನನ್ನ ವಿದ್ಯಾರ್ಥಿಗಳು. ಅವರೆಲ್ಲ ಆಗಲೇ ಓದಿಯಾಗಿತ್ತು. ಈಗ ನಾನು ಓದುವುದನ್ನು ನೋಡುತ್ತಿದ್ದರು. ನಾನು ಬೀಗ ತೆಗೆದು, ಕಾಫಿ ಒಳಗಿಟ್ಟು, ಬಂದು ಪಾಠ ಮಾಡಿದೆ. ಗಂಟೆ ಮುಗಿಯುವವರೆಗೂ ಮಣ್ಣನ್ನು ಜರಡಿ ಹಿಡಿದು ತೋರಿಸಿದೆ. ಅದೊಂದು ಹೆಮ್ಮೆ ನನಗೆ ಇವತ್ತಿಗೂ ಇದೆ.

ಕಾವಲು ವಿಭಾಗದವನು ಬಂದು ಫೋಟೋ ತೆಗೆದುಕೊಂಡ. ಯಾರ ಜೊತೆಗಾದರೂ ಜಗಳ ಮಾಡಿಕೊಂಡಿದ್ದಿರಾ ಎಂದು ನನ್ನನ್ನೇ ಕೇಳಿದ. ಅಲ್ಲಿಂದ ಸಮಾನತಾ ವಿಭಾಗದ ಅಧಿಕಾರಿಯ ಬಳಿ ಕಳಿಸಿದರು. ಹತ್ತಿಯ ಹಾಗೆ ಮಾತಾಡುವ ಆಕೆಗೆ ನಾನು ಮನಸ್ಸಿನಲ್ಲೇ ಮೆತ್ತಮ್ಮ ಎಂದು ಹೆಸರಿಟ್ಟೆ. ಕಣ್ಣೊರೆಸುವ ಕಾಗದದ ಡಬ್ಬಿಯನ್ನು ನನ್ನತ್ತ ತಳ್ಳಿ, ಹೇಗನಿಸುತ್ತಿದೆ ಎಂದಳು. ಬರೆದವರು ಯಾರು ಎಂದು ನಾನು ಕೇಳಿದೆ. ಮತ್ತೆ, ಹೇಗನಿಸುತ್ತಿದೆ ಎಂದಳು. ಓಣಿಯಲ್ಲಿ ಕ್ಯಾಮೆರಾ ಇದೆಯಲ್ಲ ಎಂದೆ. ಅದು ಉಪಕರಣ ಕಳುವಾದರೆ ನೋಡುವುದಕ್ಕೆ, ಬೇರೆ ಕಾರಣಕ್ಕೆ ತೆರೆದರೆ ವಿದ್ಯಾರ್ಥಿಗಳ ಖಾಸಗಿತನಕ್ಕೆ ಧಕ್ಕೆಯಂತೆ. ನನ್ನದೂ ಒಂದು ತಕ್ಕಡಿ ಕಳುವಾಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಬಾಗಿಲಿಗೆ ಬಣ್ಣ ಹೊಡೆಸಿದರು. ಓಣಿಯ ಉಳಿದ ಬಾಗಿಲುಗಳೆಲ್ಲ ಕಂದು, ನನ್ನದೊಂದು ಮಾತ್ರ ಬಿಳಿ. ಉಗ್ರಾಣದಲ್ಲಿ ಇದ್ದದ್ದು ಅದೇ ಬಣ್ಣವಂತೆ. ಆಮೇಲೆ ಹೊಸ ಹುಡುಗರು ನನ್ನನ್ನು ಬಿಳಿ ಬಾಗಿಲ ಮೇಡಂ ಎಂದು ಕೇಳಿಕೊಂಡು ಬರತೊಡಗಿದರು. ನಗು ಬಂದರೆ ನಗು. ನಾನೂ ನಕ್ಕಿದ್ದೇನೆ.

ಕುಲಪತಿಗಳು ಎಲ್ಲರಿಗೂ ಇ-ಮೇಲ್ ಕಳಿಸಿದರು. ‘ಒಂದು ಅಹಿತಕರ ಘಟನೆ’ ಎಂದಿತ್ತೇ ಹೊರತು ಏನು, ಎಲ್ಲಿ, ಯಾರಿಗೆ ಎಂಬುದಿಲ್ಲ. ಒಂದು ಸಮಿತಿ ಕೂತಿತು, ಎದ್ದಿತು, ಮತ್ತೆ ಕೂತಿತು. ಮಾವಿನಕಾಯಿಯ ಗಾತ್ರದ ಬ್ಯಾಡ್ಜ್ ಮಾಡಿಸಿ ಹಂಚಿದರು. ಕೊನೆಗೆ ಈ ನಿಯಮ ಬಂತು. ಅದನ್ನು ಜಾರಿ ಮಾಡುವ ಸಮಾರಂಭದಲ್ಲಿ ನಾನೂ ಮಾತಾಡಬೇಕೆಂದರು. ಏನು ಮಾತಾಡಬೇಕೆಂಬುದನ್ನೂ ಮೆತ್ತಮ್ಮ ಬರೆದು ಕಳಿಸಿದಳು.

ಸಭಾಂಗಣ ತುಂಬಿತ್ತು. ಬಂದವರೆಲ್ಲ ಆ ಘಟನೆ, ಆ ಪದ, ಆ ನೋವು ಎನ್ನುತ್ತಲೇ ಹೋದರು. ಚಪ್ಪಾಳೆ ಜೋರಾಗಿತ್ತು. ಕೂತಲ್ಲೇ ನನಗೆ ಹೊಳೆಯಿತು: ಅಲ್ಲಿದ್ದವರಲ್ಲಿ ಹೆಚ್ಚಿನವರಿಗೆ ಬಾಗಿಲ ಮೇಲೆ ಏನಿತ್ತು ಎಂಬುದೇ ಗೊತ್ತಿಲ್ಲ, ಗೊತ್ತಾಗುವುದೂ ಬೇಕಿಲ್ಲ. ನನ್ನ ಸರದಿ ಬಂದಾಗ ಮೆತ್ತಮ್ಮನ ಹಾಳೆಯನ್ನು ಮಡಿಚಿಟ್ಟೆ. ನನ್ನ ಬಾಗಿಲ ಮೇಲೆ ಬರೆದದ್ದು ಇದು ಎಂದು, ಮೈಕಿನಲ್ಲಿ, ಒಂದಕ್ಷರವನ್ನೂ ಬಿಡದೆ ಹೇಳಿದೆ. ಹೇಳಿ ಕೆಳಗಿಳಿದೆ. ಚಪ್ಪಾಳೆ ಇರಲಿಲ್ಲ. ಕುಲಪತಿಗಳು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

ಮುಂದಿನ ವಾರ ಡೀನ್ ಕರೆಸಿದರು. ಹೊಸ ನಿಯಮದ ಕೆಳಗೆ ಮೊದಲ ದೂರು ಬಂದಿದೆ ಎಂದರು. ನನ್ನ ಮೇಲೆ. ತುಂಬಿದ ಸಭೆಯಲ್ಲಿ ಒಂದು ಸಮುದಾಯವನ್ನು ಹೀನಾಯಗೊಳಿಸುವ ಪದ ಬಳಸಿದ್ದೇನಂತೆ.

“ಆ ಸಮುದಾಯ ನನ್ನದೇ ಸಾರ್,” ಎಂದೆ.

“ಯಾರು ಅಂದ್ರು ಅನ್ನೋದು ನಿಯಮಕ್ಕೆ ಮುಖ್ಯ ಅಲ್ಲಮ್ಮ. ಪದ ಮುಖ್ಯ. ಇಲ್ಲದಿದ್ರೆ ಪಕ್ಷಪಾತ ಆಗುತ್ತೆ.”

“ಅಂದ್ರೆ ಬರೆದವನು ಸಿಗಲಿಲ್ಲ. ಓದಿದವಳು ಸಿಕ್ಕಳು. ಅಷ್ಟೇ ತಾನೇ?”

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೂ ಹಗುರವಾಗುತ್ತಿತ್ತು. ಒಂದು ಕ್ಷಮಾಪಣೆಗೆ ಸಹಿ ಹಾಕಿ, ಸಂವೇದನೆ ಬೆಳೆಸುವ ತರಗತಿಗೆ ಹೋಗಿಬಂದರೆ ಮುಗಿಯಿತು ಎಂದರು. ತರಗತಿ ತೆಗೆದುಕೊಳ್ಳುವವಳು ಮೆತ್ತಮ್ಮನೇ. ಹಾಕದಿದ್ದರೆ ಪಾಠ ನಿಲ್ಲುತ್ತದೆ, ಪ್ರಬಂಧ ಸಲ್ಲಿಸುವಂತಿಲ್ಲ. ನನ್ನ ಗೈಡ್ ಅಲ್ಲೇ ಕೂತಿದ್ದರು. ಮಣ್ಣಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಮನುಷ್ಯ, ಅವತ್ತು ಕನ್ನಡಕ ಒರೆಸುವುದರಲ್ಲೇ ಇದ್ದರು.

ಸಹಿ ಹಾಕುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಯಾರಿಗೂ ಬಗ್ಗದ ಅಪ್ಪನ ಮಗಳು ನಾನು, ಬೇರೆ ಏನು ಮಾಡಲಿ?

ಆದ್ದರಿಂದ ಚೂಟಿ, ನೀನು ಇಲ್ಲಿಗೆ ಬರಬೇಡ. ಮನೆ ಹತ್ತಿರ ಸೀಟು ಸಿಕ್ಕಿರುವ ಆ ಸಣ್ಣ ಕಾಲೇಜೇ ಸಾಕು. ಸೂಕ್ಷ್ಮದರ್ಶಕಗಳು ಹಳೆಯವಾದರೇನು, ಕಾಣುವುದು ಕಾಣುತ್ತದೆ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಅಂದುಕೊಂಡರೂ ಸರಿ, ಬರಬೇಡ. ಅಮ್ಮನಿಗೆ ನಾನು ಚೆನ್ನಾಗಿದ್ದೇನೆ, ಸ್ವಲ್ಪ ನೆಗಡಿ ಅಷ್ಟೇ ಎಂದು ಹೇಳು.

ನಿನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ,
ಅಕ್ಕ

ಮರೆತ ಮಾತು, ಮಂಗಳವಾರ ಸೇರಿಸಿದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಅವತ್ತು ನಾನು ಸಹಿ ಹಾಕುವುದಿಲ್ಲವೆಂದು ಎದ್ದು ಬಾಗಿಲ ಬಳಿ ಹೋದಾಗ ಡೀನ್ ನಗುತ್ತಾ, “ನಿಮ್ಮ ತಂಗೀನೂ ಬರ್ತಿದ್ದಾರಂತೆ, ಅರ್ಜೀಲಿ ನಿಮ್ಮ ಹೆಸರು ಹಾಕಿದ್ದಾರೆ. ಸಂತೋಷ. ಪ್ರವೇಶ ಇನ್ನೂ ಅಂತಿಮ ಆಗಿಲ್ಲ, ನೋಡೋಣ,” ಎಂದರು. ಬೆದರಿಕೆ ಎಂದು ಯಾರಿಗೆ ಹೇಳಲಿ? ಈ ಕಾಗದ ಚೀಲದಲ್ಲೇ ಉಳಿಯಿತು. ನಿನ್ನೆ ನೀನು ಫೋನ್ ಮಾಡಿ, ಆ ಸಣ್ಣ ಕಾಲೇಜಿನವರಿಗೆ ಬರುವುದಿಲ್ಲ ಎಂದು ತಿಳಿಸಿಬಿಟ್ಟೆ ಎಂದೆಯಲ್ಲ. ಹಿಂದೆ ಅಮ್ಮ ನಗುತ್ತಿದ್ದದ್ದು ಕೇಳಿಸಿತು. ಇವತ್ತು ಬೆಳಿಗ್ಗೆ ಹೋಗಿ ಸಹಿ ಹಾಕಿದೆ. ಮೆತ್ತಮ್ಮ ನನ್ನನ್ನು ತಬ್ಬಿಕೊಂಡಳು. ಬಾ, ಚೂಟಿ. ಇನ್ನು ಬರದಿದ್ದರೆ ನಾನು ತಲೆ ಬಗ್ಗಿಸಿದ್ದು ದಂಡ. ನಿಮ್ಮಕ್ಕ ಸಹಿ ಹಾಕಿದ್ದೇಕೆ ಎಂದು ಇಲ್ಲಿ ಯಾರಾದರೂ ಕೇಳಿದರೆ, ಅವಳಿಗೆ ತಪ್ಪಿನ ಅರಿವಾಯಿತು ಎಂದು ಹೇಳು. ಅವರಿಗೆ ಬೇಕಿರುವುದು ಅಷ್ಟೇ.