ಹೆಸರಿದೆ, ಸೈಜಿದೆ

ಮಾರ್ಚ್ 3, ಬೆಳಿಗ್ಗೆ 7:40

ಮತ್ತೆ ಎರಡು ಕಾಫಿ ಲೋಟ ಕೀಬೋರ್ಡ್ ಪಕ್ಕ ತಣ್ಣಗಾಗಿವೆ. ಬೈಯಲು ಹೋದೆ — ಗಂಡ ಎದ್ದು ನನ್ನನ್ನೇ ಒಂದು ಸುತ್ತು ತಿರುಗಿಸಿದ. ಮದುವೆಯಾಗಿ ನಲವತ್ತೊಂದು ದಿನ. ಇನ್ನೂ ಎಣಿಸುತ್ತಿದ್ದೇನೆ, ಹುಚ್ಚಿ.

ಹಗಲೂ ರಾತ್ರಿ ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸುವ ನನ್ನ ಪ್ಯಾಚಪ್ಪ ಆರು ವರ್ಷದಿಂದ ಪುಕ್ಕಟೆ ಬರೆಯುತ್ತಿರುವುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಫೈಲ್‌ಸಿಸ್ಟಮ್. ಯಾವ ಫೈಲು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ನೆನಪಿಡುವುದು ಅದರ ಕೆಲಸ. ಲಿನಕ್ಸಿನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿಯಲ್ಲಿ, ಇನ್ನೂ ಪ್ರಯೋಗದಲ್ಲಿದೆ ಎನ್ನುವ ಅದರ 'ಎಕ್ಸ್‌ಪೆರಿಮೆಂಟಲ್' ಹಣೆಪಟ್ಟಿ ಕಿತ್ತಿದ್ದಾರೆ.

"ಇನ್ಮೇಲೆ ಅದೂ ಸ್ಟೇಬಲ್ಲು, ನಾನೂ ಸ್ಟೇಬಲ್ಲು."

"ಅದನ್ನ ಬೇಕಾದ್ರೆ ನಂಬ್ತೀನಿ" ಅಂದೆ.

ಮಾರ್ಚ್ 5

ಗುಟ್ಟು. ಮದುವೆಯ ವಿಡಿಯೋಗಳನ್ನೆಲ್ಲ ಅವನ ಡೆಸ್ಕ್‌ಟಾಪಿನಲ್ಲಿ ಅವನ ಫೈಲ್‌ಸಿಸ್ಟಮ್ ಇರುವ ಡಿಸ್ಕಿಗೆ ಹಾಕಿದೆ. ಅವನ ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್. ಕಾಪಿ ಮುಗಿದದ್ದೇ ತಡ, ಕರೆಂಟು ಹೋಯಿತು. ಬಂದಮೇಲೆ ನೋಡಿದೆ — ಎಲ್ಲ ಫೈಲುಗಳ ಹೆಸರೂ ಇದ್ದವು. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದನ್ನು ಅಳಿಸಿದೆ. ಜಾಗ ಬೇಕಿತ್ತಲ್ಲ.

ಮಾರ್ಚ್ 9, ಮಧ್ಯಾಹ್ನ

ಊಟಕ್ಕೆ ಲ್ಯಾಪ್‌ಟಾಪ್ ಹಿಡಿದೇ ಬಂದ. ಯಾರದೋ ಮೇಲ್. ಹೊಸ ಕರ್ನಲ್, ಕರೆಂಟು ಹೋಗಿದೆ, ಆಮೇಲೆ ದೊಡ್ಡ ಫೈಲುಗಳಿಗೆ ಹೆಸರಿದೆ, ಸೈಜಿದೆ — ಒಳಗೆ ಬರೀ ಸೊನ್ನೆ.

"ಇರೋ ಒಂದೇ ಕಾಪಿನ ಇಷ್ಟು ಬೇಗ ಅದ್ರಲ್ಲಿ ಇಡ್ತಾರಾ? ಜನಕ್ಕೆ ತಲೆ ಇಲ್ವಾ?"

"ಸ್ಟೇಬಲ್ಲು ಅಂದೆಯಲ್ಲೋ."

"ಅಂದೆ ಕಣೇ. ಆದ್ರೆ ನನ್ನ ಫೋಟೋನೆಲ್ಲ ನಾನೇ ಹಳೇ ಫೈಲ್‌ಸಿಸ್ಟಮ್ಮಲ್ಲಿ ಇಟ್ಟಿದೀನಿ."

ಅರ್ಧ ಉಂಡ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಮಾರ್ಚ್ 13

ಮದುವೆಯ ವಿಡಿಯೋ ತೆಗೆದವನಿಗೆ ಫೋನ್ ಮಾಡಿದೆ. ತಿಂಗಳಾದರೆ ಅಳಿಸಿಬಿಡುತ್ತಾನಂತೆ, ನಮ್ಮದೂ ಹೋಗಿದೆ. ಆ ಡಿಸ್ಕಿನಲ್ಲಿ ಅಪ್ಪ ಮೈಕ್ ಹಿಡಿದು ಮಾತಾಡಿದ ನಾಲ್ಕು ನಿಮಿಷ ಇದೆ. ಹೋದ ತಿಂಗಳು ಗಂಟಲಿನ ಆಪರೇಷನ್ ಆಯಿತು. ಇನ್ನು ದನಿ ಬರುವುದಿಲ್ಲ. ಅಪ್ಪನ ದನಿ ಬೇರೆಲ್ಲೂ ಇಲ್ಲ — ಫೋನಿನಲ್ಲಿ ಯಾವಾಗಲೂ ಅಮ್ಮನೇ. ಇವತ್ತು ವಿಡಿಯೋ ಕಾಲ್‌ನಲ್ಲಿ ಅಪ್ಪ ಸ್ಲೇಟು ಎತ್ತಿ ತೋರಿಸಿದರು: 'ಯಾಕೆ ಮಗಳೇ ಸಪ್ಪಗಿದ್ದೀಯ?'

ಕ್ಲಿಕ್ ಮಾಡಿದರೆ ಗೊತ್ತಾಗುತ್ತದೆ. ಮಾಡಿಲ್ಲ...

ಮಾರ್ಚ್ 14, ಸಂಜೆ 5:10

ಹೇಳಿಬಿಟ್ಟೆ. ಅವನು ಕುರ್ಚಿ ಎಳೆದು ನನ್ನ ಪಕ್ಕ ಕೂತ. ಬೈಯಲಿಲ್ಲ.

"ಬೈಯೋ."

"ಯಾರನ್ನ ಬೈಲಿ? ಆ ಹಣೆಪಟ್ಟಿ ಕೀಳೋ ಪ್ಯಾಚ್ ಕಳ್ಸಿದ್ದು ನಾನೇ."

ಇನ್ನೇನೂ ಬರೆಯಲಾಗದಂತೆ, ಓದಲಷ್ಟೇ ಬರುವಂತೆ ಡಿಸ್ಕ್ ತೆರೆದಿದ್ದಾನೆ. ಮೊದಲ ವಿಡಿಯೋ ತೆರೆಯಲೇ ಇಲ್ಲ. ಎರಡನೆಯದೂ. ಮೂರನೆಯದು ಅಪ್ಪನದು. ನೋಡಲಾರೆ — ಸ್ಕ್ರೀನಿಗೆ ಬೆನ್ನು ಹಾಕಿ ಇದನ್ನು ಬರೆಯುತ್ತಿದ್ದೇನೆ.

"ಒತ್ಲಾ?" ಅಂದ. ಹೂಂ ಅಂದೆ.

ಕ್ಲಿಕ್.

ಸದ್ದಿಲ್ಲ. ಇನ್ನೂ ಇಲ್ಲ. ಈಗ ಯಾರೋ ಮೈಕ್ ಹತ್ತಿರ ಗಂಟಲು ಸರಿಮಾಡಿಕೊಂಡ ಹಾಗೆ —