ಬೇಸಿಗೆ ಬಾರದ ವರ್ಷದ ಬಿತ್ತನೆ ಜೋಳ

ವರ್ಮಾಂಟ್,
ನವೆಂಬರ್ ೩, ೧೮೨೭

ಪ್ರೀತಿಯ ತಂಗಿ ಡಾರ್ಕಸ್,

ನೀನೂ ನಿನ್ನ ಗಂಡ ಜೋಥಮ್ ಕೂಡ ಆರೋಗ್ಯವಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ಹತ್ತು ವರ್ಷಗಳಲ್ಲಿ ಇದು ನನ್ನ ಎರಡನೆಯ ಕಾಗದ. ಮೊದಲನೆಯದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯಬೇಕಿತ್ತು ಎಂದು ನಾನು ಹೇಳುವುದಿಲ್ಲ.

ನಿನ್ನ ಭಾವ ಆಸಾಹೆಲ್ ತೀರಿಕೊಂಡರು. ಅಕ್ಟೋಬರ್ ಹತ್ತೊಂಬತ್ತು, ಶುಕ್ರವಾರ ಮಧ್ಯಾಹ್ನ. ಬೇಸಿಗೆಯಿಂದಲೇ ಕಾಲು ಊದಿಕೊಂಡಿತ್ತು, ಉಸಿರಾಡುವುದಕ್ಕೆ ಕಷ್ಟವಾಗುತ್ತಿತ್ತು. ಆ ದಿನ ಬೆಳಿಗ್ಗೆ ದಿಂಬಿಗೆ ಒರಗಿ ಕೂತು ಒಂದು ಲೋಟ ಸೇಬಿನ ರಸ ಕುಡಿದರು. ಆಮೇಲೆ ನನ್ನ ಕೈ ಹಿಡಿದು, "ಡಾರ್ಕಸ್‌ಗೆ ಬರಿ. ಆ ಜೋಳದ ವಿಷ್ಯ ಬರಿ. ನನ್ನ ಕೈಲಂತೂ ಆಗ್ಲಿಲ್ಲ," ಅಂದರು. ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಅದಕ್ಕೇ ಕೂತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ. ಗೊತ್ತಿಲ್ಲದ್ದನ್ನು ಮುಟ್ಟಲು ನನಗೆ ಬೇರೆ ದಾರಿ ಕಾಣುತ್ತಿಲ್ಲ.

ಹದಿನಾರನೆಯ ಇಸವಿಯ ಜೂನ್. ಹಿಂದಿನ ದಿನ ಅಂಗಿಯ ತೋಳು ಮಡಚಿಕೊಂಡು ಕಳೆ ಕಿತ್ತಿದ್ದೆವು, ಅಷ್ಟು ಸೆಕೆ. ಮರುದಿನ ಹಾಲು ಕರೆದು ಮುಗಿಸುವಷ್ಟರಲ್ಲಿ ಹಿಮ ಬೀಳತೊಡಗಿತು. ನಮ್ಮ ಕುರಿಗಳ ಉಣ್ಣೆ ಕತ್ತರಿಸಿ ಒಂದು ವಾರವೂ ಆಗಿರಲಿಲ್ಲ. ಬೋಳು ಮೈಯಲ್ಲಿ ನಡುಗುತ್ತಾ ಒಂದರ ಮೇಲೊಂದು ಬಿದ್ದಿದ್ದವು. ನೀನು ಲಂಗ ಎತ್ತಿ ಕಟ್ಟಿಕೊಂಡು ನಮ್ಮೆರಡು ಹೊಲಗಳ ನಡುವಿನ ಕಲ್ಲುಗೋಡೆ ಹಾರಿ ಬಂದೆ. ಕತ್ತರಿಸಿದ ಉಣ್ಣೆಯನ್ನೇ ತಂದು, ಹಾಸಿಗೆಯ ದುಪ್ಪಟಿಗಳನ್ನು ಹರಿದು ಪಟ್ಟಿ ಮಾಡಿ, ಮತ್ತೆ ಕುರಿಗಳ ಮೈಗೆ ಕಟ್ಟಿದೆವು. ಒಂದು ಮುದಿ ಕುರಿ ಹೊದೆದುಕೊಂಡು ನಿಂತ ಠೀವಿ ನೋಡಿ ನೀನು, "ಅಕ್ಕಾ, ಪಾದ್ರಿ ಹೆಂಡ್ತಿ ಪ್ರಾರ್ಥನೆಗೆ ಹೊರಟಂಗೇ ಇದೆ ನೋಡೇ," ಅಂದೆ. ನಾವಿಬ್ಬರೂ ಹಿಮದಲ್ಲಿ ಕೂತು ಅಳು ಬರುವಷ್ಟು ನಕ್ಕೆವು. ಬೆಳಗಾಗುವುದರಲ್ಲಿ ನಲವತ್ತರಲ್ಲಿ ಹದಿನೇಳು ಸತ್ತಿದ್ದವು. ನಿನ್ನ ಮಗಳು ಕಿಜ್ಜಿಗೆ ಆಗ ನಾಲ್ಕು ವರ್ಷ. ಚಳಿಗೆ ಮರಗಟ್ಟಿ ಬಿದ್ದ ಹಕ್ಕಿಗಳನ್ನು ಉಡಿಯಲ್ಲಿ ತುಂಬಿ ತಂದು ನನ್ನ ಒಲೆಯ ಮುಂದೆ ಸಾಲಾಗಿ ಮಲಗಿಸಿದಳು. ಎರಡು ಬದುಕಿದವು.

ಜುಲೈಯಲ್ಲಿ ಮತ್ತೆ ಮಂಜು ಕಡಿಯಿತು, ಆಗಸ್ಟಿನಲ್ಲಿ ಮತ್ತೆ. ಮೂರು ಸಲ ಬಿತ್ತಿದ ಮೆಕ್ಕೆಜೋಳ ಕಾಳು ಕಟ್ಟಲೇ ಇಲ್ಲ. ಹಸಿಯಾಗಿಯೇ ಕೊಯ್ದು ಒಟ್ಟಿದ ದಂಟು ರಾಶಿಯಲ್ಲೇ ಕೊಳೆಯಿತು. ಮೇಪಲ್ ಮರದ ಸಕ್ಕರೆ ಕೊಟ್ಟು ಉಪ್ಪುಮೀನು ತಂದು ತಿಂದೆವು, ವಸಂತ ಬಂದಾಗ ತುರಿಕೆ ಸೊಪ್ಪು ಬೇಯಿಸಿ ತಿಂದೆವು. ನೀನು ನಿನ್ನ ಪಾಲನ್ನು ಮಕ್ಕಳಿಗೆ ಕೊಟ್ಟು, ಹಸಿವಿಲ್ಲ ಎಂದು ಸುಳ್ಳು ಹೇಳುತ್ತಿದ್ದೆ. ನನಗೆ ಗೊತ್ತಾಗುತ್ತಿತ್ತು.

ಹದಿನೇಳರ ಏಪ್ರಿಲ್‌ನಲ್ಲಿ ಜೋಥಮ್ ನಮ್ಮ ಬಾಗಿಲಿಗೆ ಬಂದ. ಆಸಾಹೆಲ್ ಕಾಡಿಗೆ ಹೋಗಿದ್ದರು. ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ, ಯಾವತ್ತೂ ನಮ್ಮ ಮನೆಯಲ್ಲಿ ಹಾಗೆ ನಿಂತವನಲ್ಲ. "ಅಕ್ಕಾ, ಬಿತ್ತೋದಕ್ಕೆ ಒಂದ್ ಕಾಳೂ ಉಳಿದಿಲ್ಲ. ಅರ್ಧ ಎಕರೆಗಾಗೋಷ್ಟು ಕೊಟ್ರೆ ಸಾಕು, ಊರು ಬಿಡೋದು ತಪ್ಪುತ್ತೆ," ಅಂದ. ಅವರನ್ನು ಕೇಳಿ ಹೇಳುತ್ತೇನೆ ಅಂದೆ. ಮಾರನೆಯ ದಿನ ನಾನೇ ನಿಮ್ಮ ಮನೆಗೆ ಬಂದು, ನಮ್ಮಲ್ಲೂ ಬೀಜವಿಲ್ಲ ಎಂದೆ. ನೀನು ನನ್ನ ಕೈ ಸವರಿ, ಹೋಗಲಿ ಬಿಡಕ್ಕ, ನಿಮ್ಮ ಗತಿಯೂ ನಮ್ಮದೇ ಆಯಿತಲ್ಲ ಎಂದು ನನಗೇ ಸಮಾಧಾನ ಹೇಳಿದೆ.

ಬೀಜ ಇತ್ತು, ಡಾರ್ಕಸ್. ಹದಿನೈದನೆಯ ಇಸವಿಯ ಒಳ್ಳೆಯ ಬೆಳೆಯ ತೆನೆಗಳು, ಸಿಪ್ಪೆ ಹೆಣೆದು ಕಟ್ಟಿದ ಹದಿನೆಂಟು ಜಡೆ, ಅಟ್ಟದಲ್ಲಿ ತೂಗುತ್ತಿದ್ದವು. ನೀವು ಹೋದ ಬೇಸಿಗೆ ನಮ್ಮ ಹೊಲ ಬದುವಿನ ತನಕ ಹಸಿರಾದದ್ದನ್ನು ಯಾರೋ ನಿನಗೆ ಬರೆದು ತಿಳಿಸಿದರೆಂದು ಆಮೇಲೆ ಕೇಳಿದೆ. ಆದ್ದರಿಂದ ಇದು ನಿನಗೆ ಹೊಸ ಸುದ್ದಿಯಲ್ಲ. ಕೊಡುವುದು ಬೇಡವೆಂದು ಆಸಾಹೆಲ್ ಹೇಳಿದರು. ಮತ್ತೊಂದು ವರ್ಷವೂ ಹೀಗೆಯೇ ಹೋದರೆ ಎಂಬ ಭಯ ಅವರಿಗೆ. ಚಿಕ್ಕಂದಿನಲ್ಲಿ ಹಸಿವು ಕಂಡವರು. ಸತ್ತವರ ಮೇಲೆ ಸಿಟ್ಟಿಟ್ಟುಕೊಳ್ಳಬೇಡ.

ಮೇ ತಿಂಗಳಲ್ಲಿ ನೀವು ಎತ್ತಿನ ಬಂಡಿ ಹೂಡಿ ಒಹಾಯೊ ಕಡೆ ಹೊರಟಿರಿ. ಕಿಜ್ಜಿ ಬಂಡಿಯ ಹಿಂದೆ ಕೂತು, ತಿರುವು ದಾಟುವ ತನಕ ನನ್ನತ್ತ ಕೈ ಬೀಸುತ್ತಿದ್ದಳು. ದಾರಿಯಲ್ಲಿ ಅವಳಿಗೆ ಜ್ವರ ಬಂದದ್ದು, ಹೆಸರೂ ಗೊತ್ತಿಲ್ಲದ ಊರಿನ ರಸ್ತೆಯ ಪಕ್ಕದಲ್ಲಿ ಅವಳನ್ನು ಮಣ್ಣು ಮಾಡಿದ್ದು ನನಗೆ ತಿಳಿದದ್ದು ಕಾಳು ಬಿಡಿಸುವ ಹೊತ್ತಿಗೆ. ಆ ವರ್ಷ ಬಿಸಿಲು, ಮಳೆ ಎರಡೂ ಹದವಾಗಿ ಬಂದವು. ಎರಡು ಮನೆಗೆ ಸಾಕಾಗಿ ಮಿಗುವಷ್ಟು ಬೆಳೆಯಿತು. ನೀವು ಇದ್ದಿದ್ದರೆ ಅವಳಿಗೆ ಈಗ ಹದಿನೈದಾಗಿರುತ್ತಿತ್ತು. ಈ ಲೆಕ್ಕವನ್ನು ನೀನೂ ಹಾಕದೆ ಇರುವುದಿಲ್ಲ.

ನಿಮ್ಮ ಹೊಲವನ್ನು ಯಾರೂ ಕೊಳ್ಳಲಿಲ್ಲ. ಮನೆಯ ಚಾವಣಿ ಕುಸಿದಿದೆ. ನಿನ್ನ ಮಗ ಸೈಲಸ್ ಈಗ ಎತ್ತರಕ್ಕೆ ಬೆಳೆದಿರಬೇಕು. ಆಸಾಹೆಲ್‌ರನ್ನು ಕ್ಷಮಿಸಿದ್ದೇನೆಂದು ಒಂದು ಸಾಲು ಬರೆದರೆ ಸಾಕು. ನನಗೆ ಬೇರೇನೂ ಬೇಡ.

ನಿನ್ನ ಅಕ್ಕ,
ಕೆಜಾಯಾ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಅರಗು ಒತ್ತಿ ಮುಚ್ಚಿದ ಕಾಗದವನ್ನು ಎರಡು ದಿನವಾದ ಮೇಲೆ ಮತ್ತೆ ಒಡೆದಿದ್ದೇನೆ. ಬೇಡ ಅಂದವರು ಆಸಾಹೆಲ್ ಅಲ್ಲ. ಜೋಥಮ್ ಬಂದು ಹೋದ ದಿನ ಸಂಜೆ ಅವರು ಒಂಬತ್ತು ಜಡೆ ಬಿಚ್ಚಿ ಚೀಲಕ್ಕೆ ತುಂಬಿ ಹೊರಟಿದ್ದರು. ನಾನು ಅಂಗಳದಲ್ಲಿ ಅಡ್ಡ ನಿಂತು, "ಅದನ್ನ ಕೊಟ್ಟು ಬಂದ್ರೆ ನಾನು ಈ ಮನೇಲಿರಲ್ಲ," ಅಂದೆ. ಅವರು ಚೀಲ ಇಳಿಸಿದರು. ಹಸಿವಿನ ಭಯ ನನಗಿರಲಿಲ್ಲ. ನನ್ನ ಎರಡು ಕೂಸುಗಳು ಚರ್ಚಿನ ಹಿಂದೆ ಮಲಗಿವೆ. ನಿನ್ನ ಕಿಜ್ಜಿ, ಕೆಜಾಯಾ ಎಂಬ ನನ್ನ ಹೆಸರನ್ನೇ ಇಟ್ಟುಕೊಂಡು, ದಿನ ಬೆಳಗಾದರೆ ದೊಡ್ಡಮ್ಮಾ ಎಂದು ಗೋಡೆ ಹತ್ತಿ ಬರುತ್ತಿದ್ದಳು. ಅದನ್ನು ನೋಡಿಕೊಂಡಿರಲು ನನ್ನಿಂದ ಆಗಲಿಲ್ಲ. ನೀವು ಎಲ್ಲಿಗಾದರೂ ಹೋದರೆ ಸಾಕಾಗಿತ್ತು. ಬಂಡಿ ಹೊರಟ ಮೇಲೆ ನಾನು ಮನೆಯೊಳಗೆ ಬಂದು ಹೊಟ್ಟೆತುಂಬ ಉಂಡೆ, ಡಾರ್ಕಸ್. ಊಟ ರುಚಿಯಾಗಿತ್ತು.