ಎರಡನೇ ಸಲದ ಪಾಯಸ

ಜೂನ್ ೧೪, ಶನಿವಾರ

ಆ ಪಾಯಸ ಇನ್ನೂ ತಲೆಯಿಂದ ಹೋಗುತ್ತಿಲ್ಲ.

ಗೋಣಿಬೀಡು ಶಾಲೆಯಲ್ಲಿ ನನ್ನ ಶಿಷ್ಯನಾಗಿದ್ದ ಬಾಲರಾಜ್ ಈಗ ಶೆಫ್. ಮಲ್ಲಂದೂರಿನ ಎಸ್ಟೇಟೊಂದರಲ್ಲಿ ಎಂಟೇ ಕುರ್ಚಿಯ ಹೋಟೆಲು ಮಾಡಿದ್ದಾನೆ. ನಮ್ಮೆದುರೇ ಅಡುಗೆ, ಒಂಬತ್ತು ಬಗೆ, ಒಂದೊಂದೂ ಎರಡೇ ತುತ್ತು. ಉಳಿದವರೆಲ್ಲ ಜೋಡಿಗಳು. ಕಳಲೆ ಪಲ್ಯ ಬಂದಾಗ "ಉಪ್ಪು ಕಮ್ಮಿ ಅಲ್ವಾ?" ಅನ್ನಲು ಪಕ್ಕಕ್ಕೆ ತಿರುಗಿದೆ. ಕುರ್ಚಿ ಖಾಲಿ.

ಕೊನೆಗೆ ಹಲಸಿನ ಹಣ್ಣಿನ ಪಾಯಸ. ಥೇಟ್ ಅಕ್ಕನ ಕೈರುಚಿ. ಬಾಲರಾಜ್ ಸೌಟು ಹಿಡಿದು ಬಂದ.

"ಇನ್ನೊಂಚೂರು ಹಾಕ್ಲಾ ಟೀಚರ್?"

ಬೇಕಿತ್ತು. ಆದರೂ ಅಭ್ಯಾಸಬಲದಿಂದ ಬಟ್ಟಲಿಗೆ ಕೈ ಅಡ್ಡ ಹಿಡಿದು "ಸಾಕು ಮಾರಾಯ" ಅಂದೆ.

"ಆಯ್ತು ಟೀಚರ್" ಅಂದವನೇ ಮುಂದೆ ಹೋಗಿಬಿಟ್ಟ. ಅವನದು ಕಲಿತ ಮರ್ಯಾದೆ, ತಪ್ಪೇನಿಲ್ಲ.

ನಾನೂ ಅಕ್ಕನೂ ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ಭಾಗೀರಥಿ ಅಕ್ಕ ಹೋಗಿ ಮೊನ್ನೆಗೆ ವರ್ಷವಾಯಿತು. ನಾನು ಹೀಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಸುರಿಯುತ್ತಿದ್ದಳು. "ನಿನ್ನ ಸಾಕು ನಂಗೊತ್ತಿಲ್ವಾ, ಸುಮ್ನೆ ತಿನ್ನೆ" ಅನ್ನುತ್ತಿದ್ದಳು. ಕೈಯೆಲ್ಲ ಅಂಟಂಟಾಗಿ ನಾನು ಬೈಯುತ್ತಿದ್ದೆ.

ಮನೆಗೆ ಬಂದು ಕೈ ತೊಳೆಯಲು ಹೋದೆ. ತೊಳೆಯುವಂಥದ್ದು ಏನೂ ಅಂಟಿರಲಿಲ್ಲ.